ಗೋಲು ಎಣಿಸುವ ಮೊದಲು ಚೆಂಡು ಬಿಡುವ ಕೈ ನೋಡಿ: ಆಸ್ಟ್ರೇಲಿಯನ್ ಫುಟ್‌ಬಾಲ್ ಕಲಿಯುವ ಮಕ್ಕಳ ಪ್ರಗತಿ ಅಳೆಯುವ ಬಗೆ

ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಮೊಟ್ಟೆಯಾಕಾರದ ಚೆಂಡು ಒದ್ದರೆ 6 ಅಂಕ, ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ 1. ಹನ್ನೊಂದು ಹನ್ನೆರಡರ ಮಕ್ಕಳಲ್ಲಿ ಆರರ ಲೆಕ್ಕ ತರುವವರು ಹೆಚ್ಚಾಗಿ ಬೇಗ ಎತ್ತರ ಬೆಳೆದವರು. ಎರಡು ವರ್ಷ ಕಳೆದು ಉಳಿದವರೂ ಅಷ್ಟೇ ಎತ್ತರಕ್ಕೆ ಬಂದಾಗ, ಮೈಬಲದ ಮೇಲೆ ಆಡಿದ ಹುಡುಗನ ಕೈಯಲ್ಲಿ ಕೌಶಲವೇ ಇರುವುದಿಲ್ಲ. ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿಯ ಶಾಲಾ ಮೈದಾನಗಳಲ್ಲಿ ಈ ಆಟ ಕಲಿಸಲು ಹೊರಟವರು ಪ್ರತಿ ಮಗುವನ್ನೂ ಅದರ ಹಿಂದಿನ ಅಳತೆಯ ಜೊತೆಗೇ ಹೋಲಿಸಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಶಾಲೆಯ ದಾಖಲೆಯಲ್ಲಿ ಎಷ್ಟೋ ಮಕ್ಕಳ ಹುಟ್ಟಿದ ದಿನ ಜೂನ್ 1. ಆ ವಯಸ್ಸು ನಂಬಿ ಗುಂಪು ಮಾಡಿದರೆ ಒಂದೂವರೆ ವರ್ಷದ ವ್ಯತ್ಯಾಸವೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ಚಪ್ಪಲಿ ಬಿಡಿಸಿ, ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಿ. ಮೂರು ತಿಂಗಳಲ್ಲಿ 2 ಸೆಂ.ಮೀ. ಮೀರಿ ಬೆಳೆದ ಮಗುವಿನ ಒದೆತ ಕೆಲ ಕಾಲ ದಿಕ್ಕು ತಪ್ಪುವುದು ಸಹಜ. ಕಾಲು ಉದ್ದವಾದದ್ದಕ್ಕೆ ಮೈ ಇನ್ನೂ ಹೊಂದಿಕೊಂಡಿರುವುದಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ನೋವು ಅಂದರೆ ಆ ವಾರ ಜಿಗಿತ, ಒದೆತ ನಿಲ್ಲಿಸಿ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅಂಥ ಮಗುವಿನ ಹೆಸರಿನ ಮುಂದೆ 'ಹಿಂದೆ ಬಿದ್ದಿದೆ' ಎಂದು ಬರೆಯುವುದು ದೊಡ್ಡ ಅನ್ಯಾಯ.

ಅಳೆಯುವ ದಿನ ಪ್ರತಿ ಸಲವೂ ಅದೇ ಚೆಂಡು, ಅಷ್ಟೇ ಗಾಳಿ, ಅದೇ ಜಾಗ ಇರಲಿ. ದೊಡ್ಡವರ 5ನೇ ನಂಬರಿನ ಚೆಂಡು ಬೇಡ. 8–9 ವರ್ಷದವರಿಗೆ 2, 11–12ರವರಿಗೆ 3 ಸಾಕು. ಕೈ ಹಿಡಿತಕ್ಕೆ ಸಿಗದ ಚೆಂಡಿನಲ್ಲಿ ತಪ್ಪು ಮಗುವಿನದೋ ಚೆಂಡಿನದೋ ಗೊತ್ತಾಗುವುದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ಡ್ರಾಪ್ ಪಂಟ್ ಒದೆತಕ್ಕೆ, ಅಂದರೆ ಕೈಯಿಂದ ಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ಒದೆಯುವುದಕ್ಕೆ. ಚೆಂಡು ಎಲ್ಲಿಗೆ ಹೋಯಿತು ಅನ್ನುವುದನ್ನು ಆಮೇಲೆ ನೋಡಿ. ಮೊದಲು ಮಗುವಿನ ಪಕ್ಕಕ್ಕೆ, ಮೂರು ಹೆಜ್ಜೆ ದೂರದಲ್ಲಿ ನಿಂತು ಕೈಯಿಂದ ಪಾದದವರೆಗಿನ ಆ ಒಂದು ಗೇಣು, ಎರಡು ಗೇಣು ಅಂತರವನ್ನೇ ನೋಡಿ. ಬಲಗಾಲಲ್ಲಿ ಒದೆಯುವಾಗ ಬಲಗೈಯೇ ಚೆಂಡನ್ನು ಸೊಂಟದ ಮಟ್ಟದಿಂದ ಕೆಳಗೆ ಇಳಿಸಬೇಕು. ಬೀಳುವಾಗ ಚೆಂಡು ತಿರುಗಬಾರದು, ಅದರ ತುದಿ ನೆಲದ ಕಡೆಗಿರಬೇಕು. ಮೇಲಕ್ಕೆ ಎಸೆದು ಒದೆಯುವ ಮಕ್ಕಳಲ್ಲಿ ಚೆಂಡು ಅಡ್ಡ ತಿರುಗಿ, ಬುಗುರಿಯ ಹಾಗೆ ಓಲಾಡುತ್ತಾ ಹೋಗುತ್ತದೆ. ಸರಿಯಾಗಿ ಬಿದ್ದದ್ದು ಹಿಮ್ಮುಖವಾಗಿ ಉರುಳುತ್ತಾ ನೇರ ಸಾಗುತ್ತದೆ. ಅನುಮಾನವಿದ್ದರೆ ಚೆಂಡಿನ ಕೆಳತುದಿಗೆ ಒದ್ದೆ ಸೀಮೆಸುಣ್ಣ ತಿಕ್ಕಿ ಒದೆಸಿ. ಗುರುತು ಷೂ ಲೇಸಿನ ಮೇಲೆ ಬಿದ್ದರೆ ಸರಿ, ಬೆರಳ ತುದಿಗೆ ಬಿದ್ದರೆ ಪಾದ ಬಿಗಿಯಾಗಿ ಚಾಚಿಲ್ಲ. 15 ಮೀಟರ್ ದೂರದಲ್ಲಿ ಗೆಳೆಯನನ್ನು ನಿಲ್ಲಿಸಿ ಬಲಗಾಲಲ್ಲಿ ಹತ್ತು, ಎಡಗಾಲಲ್ಲಿ ಹತ್ತು ಒದೆಸಿ. ಅವನು ಎರಡು ಹೆಜ್ಜೆಯೊಳಗೆ ಹಿಡಿಯುವಂತಿದ್ದರೆ ಮಾತ್ರ ಗೀಟು ಹಾಕಿ. ರೂಢಿಯಿಲ್ಲದ ಕಾಲಿನಲ್ಲಿ ಎರಡರಿಂದ ನಾಲ್ಕಕ್ಕೆ ಏರಿದರೆ ಅದು ನಿಜವಾದ ಗಳಿಕೆ. ರೂಢಿಯ ಕಾಲಿನಲ್ಲಿ ಎಂಟು ಒಂಬತ್ತಾದರೆ ಅದಕ್ಕೆ ಅಷ್ಟು ತೂಕವಿಲ್ಲ.

ಹ್ಯಾಂಡ್‌ಬಾಲ್‌ಗೆ (ಮುಷ್ಟಿಯಿಂದ ಗುದ್ದಿ ಚೆಂಡು ಸಾಗಿಸುವುದಕ್ಕೆ) ಹಳೆಯ ಸೈಕಲ್ ಟೈರನ್ನು ಎದೆ ಮಟ್ಟಕ್ಕೆ ತೂಗುಹಾಕಿ, 5 ಮೀಟರಿನಿಂದ ಎರಡೂ ಕೈಗೆ ಹತ್ತತ್ತು. ಚೆಂಡು ಹಿಡಿದ ಅಂಗೈ ಕದಲದೆ, ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಹಿಡಿದ ಕೈಯೇ ತೂರಿದರೆ ಅದು ಎಸೆತ. ಪಂದ್ಯದಲ್ಲಿ ಎದುರಾಳಿಗೆ ಫ್ರೀ ಕಿಕ್ ಸಿಗುತ್ತದೆ, ಹಾಗಾಗಿ ಟೈರಿನೊಳಗೆ ಹೋದರೂ ಸೊನ್ನೆ. ಮಾರ್ಕ್, ಅಂದರೆ 15 ಮೀಟರಿಗೆ ಕಡಿಮೆಯಿಲ್ಲದ ಒದೆತವನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿಯುವುದನ್ನು, ಐದು ಸಲ ಒಂಟಿಯಾಗಿ, ಐದು ಸಲ ಪಕ್ಕದಲ್ಲಿ ಇನ್ನೊಬ್ಬನನ್ನು ಓಡಿಸಿ ನೋಡಿ. ಎರಡರ ನಡುವಿನ ಅಂತರ ಕಡಿಮೆಯಾಗುತ್ತಾ ಬರಬೇಕು.

ಓಡುವಾಗ 15 ಮೀಟರಿಗೊಮ್ಮೆ ಚೆಂಡನ್ನು ಪುಟಿಸಬೇಕು ಇಲ್ಲವೆ ನೆಲಕ್ಕೆ ತಾಗಿಸಬೇಕು. ಕಲಬುರಗಿ, ಯಾದಗಿರಿಯ ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟುತ್ತದೆ. ಮೊಟ್ಟೆಯಾಕಾರದ ಚೆಂಡು ಬಿರುಕಿಗೆ ಬಡಿದು ಎತ್ತಲೋ ಹಾರುತ್ತದೆ. ಅಲ್ಲಿ ತಾಗಿಸುವುದನ್ನಷ್ಟೇ ಅಳೆಯಿರಿ. ಬೀದರಿನ ಗಟ್ಟಿ ಜಂಬಿಟ್ಟಿಗೆ ನೆಲದಲ್ಲಿ ಪುಟಿಸುವುದನ್ನೂ ನೋಡಬಹುದು, ಆದರೆ ಅಲ್ಲಿ ಬಿದ್ದರೆ ಮೊಣಕಾಲು ಸುಲಿಯುತ್ತದೆ, ನೆನಪಿರಲಿ.

20 ಮೀಟರ್ ಓಟವನ್ನು ಮೂರು ಸಲ ಓಡಿಸಿ ಒಳ್ಳೆಯದನ್ನು ಬರೆದುಕೊಳ್ಳಿ. ಮೊಬೈಲ್ ಒತ್ತಿ ಹಿಡಿದ ಸಮಯದಲ್ಲಿ 0.2 ಸೆಕೆಂಡ್ ಆಚೀಚೆ ಆಗುವುದುಂಟು, ಅದಕ್ಕಿಂತ ಕಡಿಮೆ ಸುಧಾರಣೆಯನ್ನು ಸುಧಾರಣೆ ಅನ್ನಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಎಲ್ಲ ಮುಗಿದಿರಲಿ.

ಪಂದ್ಯದಲ್ಲಿ ಒಬ್ಬರು ಮೂರು ಮಕ್ಕಳಿಗಿಂತ ಹೆಚ್ಚು ನೋಡಲಾಗದು. ಒಂದು ಕ್ವಾರ್ಟರ್ (ಪಂದ್ಯದ ನಾಲ್ಕನೇ ಒಂದು ಭಾಗ) ಪೂರ್ತಿ ಚೆಂಡಿನ ಹಿಂದೆ ಕಣ್ಣು ಓಡಿಸದೆ ಆ ಮೂವರ ಮೇಲೇ ಇಡಿ. ಎಷ್ಟು ಸಲ ಚೆಂಡು ಸಿಕ್ಕಿತು, ಅದರಲ್ಲಿ ಎಷ್ಟು ತಮ್ಮವರಿಗೆ ಮುಟ್ಟಿತು, ಚೆಂಡು ಕಳೆದುಕೊಂಡ ಮೇಲೆ ಮಗು ಬೆನ್ನಟ್ಟಿತೋ ನಿಂತುಬಿಟ್ಟಿತೋ. ಈ ಮೂರನೆಯದು ಯಾವ ಟೈರಿನಲ್ಲೂ ಕಾಣುವುದಿಲ್ಲ, ಹಾಗಾಗಿ ಅದಕ್ಕೆ ನೋಟ್‌ಬುಕ್ಕಿನಲ್ಲಿ ದೊಡ್ಡ ಜಾಗ ಬಿಡಿ.

ಬರೆಯುವಾಗ 'ಇನ್ನೂ ಇಲ್ಲ', 'ಒಮ್ಮೊಮ್ಮೆ', 'ಯಾವಾಗಲೂ' ಎಂಬ ಮೂರೇ ಮಾತು ಸಾಕು. ಒಂದು, ಎರಡು, ಮೂರು ಎಂದು ಸ್ಥಾನ ಕೊಟ್ಟು ಎಲ್ಲರೆದುರು ಓದಬೇಡಿ. ಕೊನೆಯಲ್ಲಿ ಹೆಸರು ಬಂದ ಮಗು ಮರುದಿನ ಮೈದಾನಕ್ಕೆ ಬರುವುದಿಲ್ಲ. ಪ್ರತಿ ಮಗುವನ್ನೂ ಬೇರೆ ಕರೆದು ಚೆನ್ನಾಗಿ ಬಂದದ್ದು ಒಂದು, ಮುಂದೆ ಮಾಡಬೇಕಾದದ್ದು ಒಂದು ಹೇಳಿ: 'ಎಡಗಾಲಲ್ಲಿ ಒದೆಯುವಾಗ ಎಡಗೈಯಿಂದಲೇ ಚೆಂಡು ಬಿಡು, ದಿನಕ್ಕೆ ಇಪ್ಪತ್ತು ಸಲ.' ಮನೆಯವರಿಗೂ ಅದೇ ಮಾತು.

ಎತ್ತರ ಬಿಟ್ಟು ಉಳಿದ ಅಳತೆ ವರ್ಷಕ್ಕೆ ಮೂರು ಸಲ ಇರಲಿ: ಶಾಲೆ ಶುರುವಾಗಿ ಒಂದು ತಿಂಗಳಿಗೆ, ನವೆಂಬರಿನಲ್ಲಿ, ಫೆಬ್ರವರಿ ಕೊನೆಗೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಹಲವು ಮಕ್ಕಳು ಹೊಲದಲ್ಲಿರುತ್ತಾರೆ. ಹಾಗೆ ಬಿಟ್ಟು ಬಂದವರನ್ನು ಎರಡು ವಾರ ಆಡಿಸಿ, ಆಮೇಲೆ ಅಳೆಯಿರಿ.