ಶಾಲೆಯ ಬೇಡಿಕೆ ಪಂಚಾಯಿತಿ ಕ್ರಿಯಾಯೋಜನೆಗೆ ಸೇರಬೇಕೆ? ಹೀಗೆ ಮಾಡಿ

ಗ್ರಾಮಸಭೆಯಲ್ಲಿ ಒಬ್ಬರು ಎದ್ದು ‘ನಮ್ಮೂರ ಶಾಲೆಗೆ ಕಾಂಪೌಂಡ್ ಇಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ’ ಎಂದು ಗಂಟಲು ಹರಿಯುವಂತೆ ಕೂಗುತ್ತಾರೆ. ವೇದಿಕೆಯಿಂದ ‘ಆಯ್ತು, ಸೇರಿಸೋಣ’ ಎಂಬ ಉತ್ತರ ಬರುತ್ತದೆ. ಚಪ್ಪಾಳೆ, ಚಹಾ, ಎಲ್ಲರೂ ಮನೆಗೆ. ಮುಂದಿನ ವರ್ಷ ಅದೇ ಮನುಷ್ಯ, ಅದೇ ಮಾತು. ‘ದುಡ್ಡು ತಿಂದರು’ ಎಂದು ಬೈಯುವುದು ಸುಲಭ. ಎಷ್ಟೋ ಊರುಗಳಲ್ಲಿ ತಿನ್ನಲು ದುಡ್ಡು ಬಂದೇ ಇರುವುದಿಲ್ಲ, ಏಕೆಂದರೆ ಆ ಬೇಡಿಕೆ ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕವನ್ನೇ ಸೇರಿರುವುದಿಲ್ಲ, ಹಾಗಾಗಿ ವರ್ಷದ ಕೆಲಸಗಳ ಪಟ್ಟಿಯಾದ ಕ್ರಿಯಾಯೋಜನೆಗೂ ಬರುವುದಿಲ್ಲ.

1. ಯಾರನ್ನು ಏನು ಕೇಳಬೇಕು?

ಮೇಷ್ಟ್ರು ಬೇಕು ಎಂದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಬೇಡಿ. ನೇಮಕ, ಸಂಬಳ ಎರಡೂ ರಾಜ್ಯ ಸರ್ಕಾರದ ಲೆಕ್ಕ. ಪಿಯು ಕಾಲೇಜಿನ ಕಟ್ಟಡವೂ ಪಂಚಾಯಿತಿಯ ಕೈಗೆ ಮೀರಿದ್ದು, ಅದಕ್ಕೆ ಇಲಾಖೆಯ ಬಾಗಿಲನ್ನೇ ತಟ್ಟಬೇಕು. ಪ್ರಾಥಮಿಕ ಶಾಲೆಯ ಸಣ್ಣಪುಟ್ಟ ದುರಸ್ತಿ, ಕುಡಿಯುವ ನೀರು, ಶೌಚಾಲಯ, ಕಾಂಪೌಂಡ್, ಆಟದ ಮೈದಾನ ಮಾತ್ರ ಪಂಚಾಯಿತಿ ಮಟ್ಟದಲ್ಲೇ ಆಗುವಂಥವು.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರಿ. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು, ಉಳಿದ ಶೇ 40 ಸ್ಥಳೀಯ ಅಗತ್ಯಗಳಿಗೆ. ಸಂಬಳಕ್ಕೆ ಬಳಸುವಂತಿರಲಿಲ್ಲ. ಆಯೋಗದ ಅವಧಿ ಬದಲಾದಂತೆ ಈ ಪಾಲೂ ಬದಲಾಗಬಹುದು, ಆದ್ದರಿಂದ ಚಾಲ್ತಿ ವರ್ಷದ ಲೆಕ್ಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರವೇ ಕೇಳಿ. ಬಹಳ ಜನ ಮರೆಯುವ ಇನ್ನೊಂದು ದಾರಿಯಿದೆ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ವಿಕಲಚೇತನರಿಗೆಂದು ಒಂದು ಪಾಲು ತೆಗೆದಿಡಬೇಕು. ಶಾಲೆಯ ಬಾಗಿಲಿಗೆ ಇಳಿಜಾರು ಹಾದಿ ಮಾಡಿಸಲು ಈ ಹಣವನ್ನು ಕೇಳಿ.

2. ಎಸ್‌ಡಿಎಂಸಿ ಠರಾವು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆದು, ಬೇಕಾದ ಕೆಲಸಗಳನ್ನು ಠರಾವು ಮಾಡಿ, ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಸಹಿ ಹಾಕಿಸಿ. ಹತ್ತು ಕೆಲಸ ಬರೆಯಬೇಡಿ, ಎರಡು ಸಾಕು.

3. ಜಾಗದ ಕಾಗದ

ಕಾಂಪೌಂಡ್ ಕೇಳುವವರು ಎಡವುವುದು ಇಲ್ಲೇ. ಹಿಂದಿನ ಕಾಲದಲ್ಲಿ ಊರಿನ ಯಾರೋ ದೊಡ್ಡವರು ಬಾಯಿಮಾತಲ್ಲಿ ಜಾಗ ಬಿಟ್ಟುಕೊಟ್ಟಿರುತ್ತಾರೆ. ಶಾಲೆ ಎದ್ದಿರುತ್ತದೆ, ಪಹಣಿಯಲ್ಲಿ ಮಾತ್ರ ಇನ್ನೂ ಅವರ ಮಕ್ಕಳ, ಮೊಮ್ಮಕ್ಕಳ ಹೆಸರಿರುತ್ತದೆ. ಗೋಡೆ ಕಟ್ಟಲು ಗುಣಿ ತೋಡಿದ ದಿನ ಒಬ್ಬ ಮೊಮ್ಮಗ ತಕರಾರು ತೆಗೆಯುತ್ತಾನೆ, ಅಲ್ಲಿಗೆ ಆ ವರ್ಷದ ಅನುದಾನ ಹೋದಂತೆ. ಅರ್ಜಿಗೆ ಮೊದಲೇ ಪಹಣಿ ತೆಗೆಸಿ ನೋಡಿ. ಗ್ರಾಮಠಾಣಾ (ಊರಿನ ವಸತಿ) ಜಾಗವಾದರೆ ಇ-ಸ್ವತ್ತು ಖಾತೆ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಶಾಲೆಯ ಹೆಸರಿಗಿದೆಯೇ ಪರೀಕ್ಷಿಸಿ. ಇಲ್ಲದಿದ್ದರೆ ಈ ವರ್ಷ ಶೌಚಾಲಯ ಕೇಳಿ, ಕಾಂಪೌಂಡ್ ಮುಂದಿನ ವರ್ಷಕ್ಕಿರಲಿ.

4. ಅಂದಾಜು

ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಕಿರಿಯ ಎಂಜಿನಿಯರ್ ಒಮ್ಮೆ ಬಂದು ಅಳತೆ ಮಾಡಿದರೆ ಮುಗಿಯಿತು. ಮೇಸ್ತ್ರಿ ಹೇಳಿದ ಬಾಯಿಲೆಕ್ಕ ನಡೆಯುವುದಿಲ್ಲ.

ಇದೇ ಹೊತ್ತಿಗೆ ‘ಸ್ಮಾರ್ಟ್ ಕ್ಲಾಸ್’ ಮಾರುವ ಏಜೆಂಟರೂ ಬರುತ್ತಾರೆ. ದೊಡ್ಡ ಟಿವಿ, ಪೆನ್‌ಡ್ರೈವಲ್ಲಿ ಪಾಠ, ಬಣ್ಣದ ಬ್ರೋಷರ್. ಕರೆಂಟು ಸರಿಯಾಗಿ ಇರದ, ರಿಪೇರಿಗೆ ಯಾರೂ ಬಾರದ ಶಾಲೆಯಲ್ಲಿ ಆ ಟಿವಿ ಬೀರುವಿನೊಳಗೆ ಕೂರುತ್ತದೆ. ಅಗ್ಗದ ಆರ್‌ಒ ಯಂತ್ರದ ಹಣೆಬರಹವೂ ಅದೇ, ಫಿಲ್ಟರ್ ಬದಲಿಸಲು ಯಾರೂ ಬಜೆಟ್ ಇಟ್ಟಿರುವುದಿಲ್ಲ. ಮುಚ್ಚಳವಿರುವ ಒಳ್ಳೆಯ ತೊಟ್ಟಿ, ಸರಿಯಾದ ನಲ್ಲಿ, ಇವು ಮೊದಲು.

5. ವಾರ್ಡ್ ಸಭೆ, ಗ್ರಾಮಸಭೆ, ನಡಾವಳಿ

ಇಲ್ಲಿ ಕೊನೆ ಗಳಿಗೆಯ ಅವಸರ ಬೇಡ. ಮುಂದಿನ ವರ್ಷದ ಯೋಜನೆಯ ಪ್ರಕ್ರಿಯೆ ಸಾಮಾನ್ಯವಾಗಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮಾರ್ಚ್‌ನಲ್ಲಿ ಬಜೆಟ್ ಸಭೆಗೆ ಓಡಿದರೆ ಅಡುಗೆ ಮುಗಿದ ಮೇಲೆ ಅಕ್ಕಿ ತಂದಂತೆ.

ಮೊದಲು ವಾರ್ಡ್ ಸಭೆ. ಗ್ರಾಮಸಭೆ ಕೈಗೆತ್ತಿಕೊಳ್ಳುವುದು ವಾರ್ಡ್‌ಗಳಿಂದ ಬಂದ ಪಟ್ಟಿಯನ್ನು. ಅದರಲ್ಲಿ ಇಲ್ಲದ ಕೆಲಸವನ್ನು ನೇರವಾಗಿ ಗ್ರಾಮಸಭೆಯಲ್ಲಿ ಎತ್ತಿದರೆ ಕೊನೆಯ ಸಾಲಿಗೆ ತಳ್ಳುತ್ತಾರೆ.

ಒಂದು ಕೆಲಸಕ್ಕೆ ಒಂದು ಅರ್ಜಿ, ಎರಡು ಪ್ರತಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಅರ್ಜಿ ನಮೂನೆಗಳನ್ನು ನಂಬಬೇಡಿ. ಅವುಗಳಲ್ಲಿ ‘ಶಾಲೆಗೆ ಮೂಲಸೌಕರ್ಯ ಒದಗಿಸಬೇಕು’ ಎಂದಿರುತ್ತದೆ, ಆ ಸಾಲಿಗೆ ಯಾವ ಎಂಜಿನಿಯರ್ ಅಂದಾಜು ಮಾಡಿಯಾನು? ಶಾಲೆಯ ಪೂರ್ತಿ ಹೆಸರು, ಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ), ಹೆಣ್ಣುಮಕ್ಕಳ ಸಂಖ್ಯೆ, ‘ಎರಡು ಕೋಣೆಯ ಶೌಚಾಲಯ, ನೀರಿನ ಸಂಪರ್ಕ ಸಹಿತ’ ಎಂದು ಬಿಡಿಸಿ ಬರೆಯಿರಿ. ‘ನೀರಿನ ಸಂಪರ್ಕ ಸಹಿತ’ ಎಂಬ ಮೂರು ಪದ ಬಿಟ್ಟರೆ ಕಟ್ಟಡ ಬರುತ್ತದೆ, ನೀರು ಬರುವುದಿಲ್ಲ, ತಿಂಗಳೊಳಗೆ ಬೀಗ ಬೀಳುತ್ತದೆ.

ಸಭೆಗೆ ತಾಯಂದಿರನ್ನು ಕರೆತನ್ನಿ, ಸ್ವಸಹಾಯ ಸಂಘದವರಿದ್ದರೆ ಇನ್ನೂ ಒಳ್ಳೆಯದು. ಶೌಚಾಲಯದ ಮಾತನ್ನು ಅವರೇ ಆಡಲಿ. ಗಂಡಸರು ಆಡಿದರೆ ಅದು ರಸ್ತೆ, ಚರಂಡಿಯ ಜಗಳಕ್ಕೆ ತಿರುಗುವುದನ್ನು ಎಷ್ಟು ಸಭೆಗಳಲ್ಲಿ ನೋಡಿಲ್ಲ! ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಕೇಳಿದ್ದನ್ನೂ ಇಲ್ಲಿ ಮತ್ತೆ ಹೇಳಿಸಿ, ಇಲ್ಲವಾದರೆ ಅದು ಫೋಟೊದಲ್ಲೇ ಉಳಿಯುತ್ತದೆ.

ಒಳಗೆ ಬಂದಾಗ ಹಾಕಿದ ಹಾಜರಿ ಸಹಿಯೇ ಬೇರೆ, ತೀರ್ಮಾನದ ಕೆಳಗಿನ ಸಹಿಯೇ ಬೇರೆ. ಖಾಲಿ ಪುಟದ ಕೆಳಗೆ ಸಹಿ ಹಾಕಬೇಡಿ, ‘ಆಮೇಲೆ ಬರ್ಕೋತೀವಿ ಬಿಡಿ ಅಣ್ಣಾ’ ಎಂದರೂ ಹಾಕಬೇಡಿ. ಶಾಲೆಯ ತೀರ್ಮಾನವನ್ನು ಅಲ್ಲೇ ಬರೆಸಿ, ಎಲ್ಲರಿಗೂ ಕೇಳುವಂತೆ ಓದಿಸಿ. ಅದಕ್ಕೆ ಆದ್ಯತೆಯ ಸಂಖ್ಯೆ ಬಿದ್ದಿದೆಯೇ ನೋಡಿ. ‘ಪರಿಶೀಲಿಸಲು ತೀರ್ಮಾನಿಸಲಾಯಿತು’ ಎಂದು ಬರೆದಿದ್ದರೆ ತಿದ್ದಿಸಿ, ‘ಕ್ರಿಯಾಯೋಜನೆಯಲ್ಲಿ ಸೇರಿಸಲು ತೀರ್ಮಾನಿಸಲಾಯಿತು’ ಎಂದೇ ಇರಬೇಕು. ಕೋರಂ (ಬೇಕಾದಷ್ಟು ಹಾಜರಿ) ಇಲ್ಲದೆ ಸಭೆ ಮುಂದೂಡಿದರೆ ಹೊಸ ದಿನಾಂಕ ಕೇಳಿಕೊಂಡೇ ಹೊರಡಿ.

ವಾರದೊಳಗೆ ನಡಾವಳಿಯ ನಕಲಿಗೆ ಅರ್ಜಿ ಹಾಕಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರಬಾರದು. ನಮ್ಮ ರಾಜ್ಯದ ನಿಯಮವಿದು. ಪುಟಗಟ್ಟಲೆ ರೋಷ ಕಾರಿಕೊಂಡರೆ ವಾಪಸ್ ಬರುತ್ತದೆ.

ಶಾಸಕರ ನಿಧಿಯಿಂದ ಮಾಡಿಸೋಣ ಎಂಬ ಅಡ್ಡದಾರಿಯನ್ನು ಕೆಲವರು ತೋರಿಸುತ್ತಾರೆ. ಸಿಕ್ಕರೆ ಬಿಡಬೇಡಿ, ಆದರೆ ಅದನ್ನು ನಂಬಿ ಗ್ರಾಮಸಭೆ ತಪ್ಪಿಸಬೇಡಿ.

6. ಆಮೇಲೆ

ಅನುಮೋದನೆಯಾದ ಯೋಜನೆ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಬರುತ್ತದೆ. ಪಂಚಾಯಿತಿಯ ಹೆಸರು ಆರಿಸಿ ನಿಮ್ಮ ಕೆಲಸ ಹುಡುಕಿ. ಇಲ್ಲದಿದ್ದರೆ ನಡಾವಳಿಯ ನಕಲು ಹಿಡಿದು ಪಿಡಿಒ ಬಳಿ ಹೋಗಿ, ಅಲ್ಲೂ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ.

ಕೆಲಸ ನಡೆಯುವಾಗ ಅಂದಾಜು ಪಟ್ಟಿಯ ಒಂದು ಪ್ರತಿ ಮುಖ್ಯ ಶಿಕ್ಷಕರ ಮೇಜಿನ ಮೇಲಿರಲಿ. ಪಂಚಾಯಿತಿಯ ವರ್ಷದ ಲೆಕ್ಕ, ಕೆಲಸಗಳನ್ನು ಪರಿಶೀಲಿಸುವ ಜಮಾಬಂದಿ ದಿನ ಅಳತೆ ಟೇಪು ಒಯ್ದು ಕೋಣೆಯ ಅಗಲ, ಪೈಪಿನ ಉದ್ದ ಅಳೆಸಿ. ಬಾಕಿ ಉಳಿದದ್ದನ್ನು ಆ ಸಭೆಯಲ್ಲೇ ಬರೆಸಿ, ಆ ನಕಲನ್ನೂ ಫೈಲಿಗೆ ಸೇರಿಸಿ.