ಕಾಣದ ಮೀನಿಗೆ ಫ್ಲೈ ಎಸೆಯುವುದು ಹೇಗೆ?

ಕಾಣೆ ಮೀನು ಹೆಸರಿಗೆ ತಕ್ಕಂತೆ ಕಾಣೆಯಾಗುತ್ತದೆ. ಉಡುಪಿಯ ಕೋಡಿ ಬೆಂಗ್ರೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ನಿಂತು ನೋಡಿ. ಕಾಲು ಅಲುಗಿದರೆ ಸಾಕು, ಎದುರಿಗಿದ್ದದ್ದು ಮರಳಿನೊಳಗೆ ಹುದುಗಿಬಿಡುತ್ತದೆ. ಬಹಾಮಾಸ್, ಸೇಶೆಲ್ಸ್‌ಗಳ ಬೋನ್‌ಫಿಶ್ ಇದರ ಬಂಧುವಲ್ಲ, ಆದರೆ ಅಡಗುವುದರಲ್ಲಿ ಇದಕ್ಕಿಂತ ಘಾಟಿ. ಅದರ ಬೆಳ್ಳಿ ಹುರುಪೆ ಕನ್ನಡಿಯಂತೆ ಸುತ್ತಲಿನ ಬಣ್ಣವನ್ನೇ ತೋರಿಸುತ್ತದೆ. ಫ್ಲೈ ಎಂಬ ಹಗುರ ನಕಲಿ ಇರೆ ಎಸೆದು ಅದನ್ನು ಹಿಡಿಯಲು ಅತ್ತ ಹೊರಟವರು ಮೊದಲು ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಈ ಅಳಿವೆಯಲ್ಲಿ ಕೆಲವು ವಾರ ಕಣ್ಣು ಪಳಗಿಸಿಕೊಳ್ಳಲಿ.

ಸಲಕರಣೆಯ ಮಾತನ್ನು ಬೇಗ ಮುಗಿಸೋಣ. ಬೋನ್‌ಫಿಶ್‌ಗೆ 9 ಅಡಿಯ 8 ವೇಟ್ ರಾಡ್ (ವೇಟ್ ಎಂದರೆ ಆ ರಾಡಿಗೆ ಹೊಂದುವ ಲೈನಿನ ತೂಕದ ಸಂಖ್ಯೆ), ತೇಲುವ ಲೈನ್, ಅದರ ಹಿಂದೆ 150 ಮೀಟರ್‌ಗೆ ಕಡಿಮೆಯಿಲ್ಲದ ಬ್ಯಾಕಿಂಗ್ ದಾರ, ಉಪ್ಪುನೀರಿಗೆ ಜಗ್ಗದ ರೀಲ್, ಲೈನಿಗೂ ಫ್ಲೈಗೂ ನಡುವೆ ಕಟ್ಟುವ 10ರಿಂದ 12 ಅಡಿಯ ತೆಳು ದಾರ, ಅಂದರೆ ಲೀಡರ್. ಫ್ಲೈ ಎಂದರೆ ಇಲ್ಲಿ ನೊಣವಲ್ಲ, ಸಿಗಡಿಯಂತೆ ಕಾಣುವ ಹಾಗೆ ರೋಮ, ದಾರ ಸುತ್ತಿದ ಕೊಕ್ಕೆ. ಬಹಾಮಾಸ್‌ನ ಆಂಡ್ರೊಸ್ ದ್ವೀಪದ ಗೈಡ್ ಚಾರ್ಲಿ ಸ್ಮಿತ್ ಹೆಸರು ಹೊತ್ತ ‘ಕ್ರೇಜಿ ಚಾರ್ಲಿ’ 6ನೇ ಅಳತೆಯದು ಸಾಕು. ಅದರ ಮೊನೆ ಮೇಲ್ಮುಖವಾಗಿರುವುದರಿಂದ ತಳಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಕಾಣೆಗಾದರೆ 5 ವೇಟ್ ರಾಡ್, ತೀರಾ ಪುಟ್ಟ ಫ್ಲೈ. ನೀರಿನ ಮೇಲಿನ ಹೊಳಪನ್ನು ಅಳಿಸುವ ಪೋಲರೈಸ್ಡ್ ಕನ್ನಡಕದಲ್ಲಿ ಮಾತ್ರ ಜಿಪುಣತನ ಬೇಡ.

ಮಳೆಗಾಲದಲ್ಲಿ ನದಿ ಕೆಂಪಗೆ ಕದಡಿರುತ್ತದೆ, ಡಿಸೆಂಬರ್ ಕಳೆದ ಮೇಲೆ ಇಳಿಯಿರಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಲೆಕ್ಕ ಇಟ್ಟುಕೊಳ್ಳಿ. ಬೆನ್ನಿಗೆ ಬಿಸಿಲಿರಲಿ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಪಡುವಣಕ್ಕೆ ಮುಖ ಮಾಡಿದರಾಯಿತು. ಕಾಲನ್ನು ಎತ್ತಿ ಇಡದೆ ಮರಳು ಸವರುತ್ತಾ ಎಳೆಯಿರಿ. ಮರಳಿನಡಿ ಮಲಗಿದ ತೊರಕೆ, ತಾಗಿದರೆ ಸರಿದುಹೋಗುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರ ನಡಿಗೆ ಗಮನಿಸಿ, ನೀರು ಚಿಮ್ಮುವುದೇ ಇಲ್ಲ.

ಮೀನನ್ನು ಹುಡುಕಬೇಡಿ, ನೆರಳನ್ನು ಹುಡುಕಿ. ನೀರಿನ ಮೇಲ್ಮೈಯಲ್ಲಿ ಕಣ್ಣು ನಿಲ್ಲಿಸದೆ ತಳವನ್ನೇ ನೋಡುತ್ತಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಮರಳಿನ ಮೇಲೆ ಕಪ್ಪು ಗೆರೆಯೊಂದು ಸರಿಯುತ್ತದೆ. ಅದರ ಮೇಲಿರುವುದೇ ಮೀನು. ಗಾಳಿಯ ಅಲೆಗಳ ನಡುವೆ ಒಂದು ತುಂಡು ನೀರು ಮಾತ್ರ ಬೇರೆ ದಿಕ್ಕಿಗೆ ನಡುಗಿದರೆ ಅಲ್ಲಿ ಗುಂಪಿದೆ. ಬೋನ್‌ಫಿಶ್ ಏಡಿ, ಸಿಗಡಿಗಾಗಿ ತಲೆ ತಗ್ಗಿಸಿ ತಳ ಕೆದಕುವಾಗ ಬಾಲ ನೀರಿನಿಂದ ಹೊರಗೆ ಮಿನುಗುವುದೂ ಉಂಟು.

ಎಸೆತವನ್ನು ಮೊದಲು ಮೈದಾನದಲ್ಲಿ ಕಲಿಯಿರಿ. ತೆಂಗಿನ ತೋಟ ಬೇಡ, ನನ್ನ ಎರಡು ಲೀಡರ್‌ಗಳು ಇನ್ನೂ ಗರಿಯಲ್ಲಿ ತೂಗುತ್ತಿವೆ. ತೂಕ ಇರುವುದು ಫ್ಲೈಯಲ್ಲಲ್ಲ, ಲೈನಿನಲ್ಲಿ. ಆದ್ದರಿಂದ ಹಿಂದಕ್ಕೆ ಬೀಸಿ ಗಕ್ಕನೆ ನಿಲ್ಲಿಸಿ, ಲೈನ್ ಬಿಚ್ಚಿಕೊಳ್ಳುವವರೆಗೆ ಕಾದು, ಮುಂದಕ್ಕೆ ಬೀಸಬೇಕು. ಬೀಸುಬಲೆಯ ಅಭ್ಯಾಸವಿದ್ದವರು ಇಡೀ ಮೈ ತಿರುಗಿಸುತ್ತಾರೆ, ಅದನ್ನು ಮರೆಯಬೇಕು. ಎರಡು ಮೂರು ಬೀಸಿನಲ್ಲಿ 15 ಮೀಟರ್ ಮುಟ್ಟಿದರೆ ಸಾಕು. ಫ್ಲೈ ಮೀನಿನ ತಲೆಯ ಮೇಲಲ್ಲ, ಅದು ಹೋಗುವ ದಾರಿಯಲ್ಲಿ ಒಂದೆರಡು ಮೀಟರ್ ಮುಂದೆ ಬೀಳಲಿ. ತಳ ಮುಟ್ಟಲು ಬಿಡಿ, ಮೀನು ಹತ್ತಿರ ಬಂದಾಗ ಎಡಗೈಯಿಂದ ಗೇಣು ಗೇಣಾಗಿ ಎಳೆಯಿರಿ.

ಗಾಳ ಹಾಕಿ ಬೆಳೆದವರು ಎಡವುವುದು ಮುಂದಿನ ಕ್ಷಣದಲ್ಲಿ. ಕಚ್ಚಿತು ಎಂದೊಡನೆ ರಾಡ್ ಮೇಲಕ್ಕೆತ್ತುತ್ತಾರೆ. ನಾನು ಮೊದಲ ವರ್ಷವಿಡೀ ಎತ್ತಿದ್ದೇನೆ, ವರ್ಷವಿಡೀ ಬರಿಗೈಯಲ್ಲಿ ಬಂದಿದ್ದೇನೆ. ರಾಡಿನ ತುದಿ ಮೀನಿನ ಕಡೆಗೇ ಇರಲಿ, ಎಡಗೈಯಿಂದ ಲೈನನ್ನು ಒಮ್ಮೆ ಉದ್ದಕ್ಕೆ ಜಗ್ಗಿ. ಕೊಕ್ಕೆ ನಾಟದಿದ್ದರೂ ಫ್ಲೈ ಅಡಿಯಷ್ಟೇ ಸರಿದಿರುತ್ತದೆ, ಮೀನು ಮತ್ತೆ ಬೆನ್ನಟ್ಟಬಹುದು. ಎತ್ತಿದರೋ, ಫ್ಲೈ ಗಾಳಿಯಲ್ಲಿ.

ನಾಟಿತು ಎನ್ನಿ. ಬೋನ್‌ಫಿಶ್ ಒಂದೇ ಓಟಕ್ಕೆ 100 ಮೀಟರ್ ಎಳೆದೊಯ್ಯಬಲ್ಲದು. ಮೀನನ್ನು ಮರೆತು ಕಾಲ ಬಳಿ ಸುರುಳಿಯಾಗಿರುವ ಲೈನನ್ನು ನೋಡಿ, ಅದು ಗಂಟಾಗದೆ ಬೆರಳುಗಳ ನಡುವೆ ಜಾರಲಿ. ರೀಲಿನ ಹಿಡಿಗೆ ಕೈ ಹಾಕಬೇಡಿ, ಗೆಣ್ಣು ಜಜ್ಜುತ್ತದೆ. ಓಟ ನಿಂತ ಮೇಲೆ ಸುತ್ತಿ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ ಕಳುಹಿಸಿಬಿಡಿ. ಬೋನ್‌ಫಿಶ್ ಹೇಗೂ ಮುಳ್ಳಿನ ಕಂತೆ.

ಕಾಣೆಯ ವಿಷಯ ಬೇರೆ. ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಇಡಿ. ಕಾವಲಿ ಬಿಸಿಯಾಗುವಷ್ಟರಲ್ಲಿ ರೀಲನ್ನು ಬಾವಿಯ ನೀರಿನಲ್ಲಿ ತೊಳೆದು ಒಣಗಿಸಬಹುದು.