ಅಪ್‌ಗ್ರೇಡ್ ಬರ್ಲೇ ಇಲ್ಲ, ಸಂಜೆ ಸ್ಪೀಡ್ ಬಂತು

ಶಿರಸಿ ಕಡೆ ನಮ್ಮ ಕೇರೀಲಿ ಫೈಬರ್ ಹಾಕಿಸ್ಕೊಂಡ ಎಲ್ಲರ ಮನೇಲೂ ಒಂದೇ ಗೋಳು. 100 ಎಂಬಿಪಿಎಸ್ ಪ್ಲಾನ್, ಬೆಳಗ್ಗೆ 90ರ ಮೇಲೆ ಬರತ್ತೆ, ಸಂಜೆ ಏಳೂವರೆ ಆಯ್ತು ಅಂದ್ರೆ 8-10ಕ್ಕೆ ಬಂದು ಪಿಂಗ್ (ಸಿಗ್ನಲ್ ಹೋಗಿ ಬರೋಕೆ ತಗೊಳ್ಳೋ ಹೊತ್ತು) 250 ಮಿಲಿಸೆಕೆಂಡ್ ದಾಟತ್ತೆ, ನನಗೆ ಅಮೆರಿಕದ ಟೀಮ್ ಜೊತೆ ಕಾಲ್ ಇರೋದೇ ಆ ಹೊತ್ತಿಗೆ. ಲೈನ್ ನೋಡೋ ಹುಡುಗನ್ನ ಕೇಳಿದ್ರೆ "ಹೆಗಡೇರೇ, ಮೇಲಿಂದ್ಲೇ ಸ್ಲೋ, ಮುಂದಿನ ತಿಂಗ್ಳು ಅಪ್‌ಗ್ರೇಡ್ ಆಗ್ತದೆ" ಅಂತಿದ್ದ. ಆ ಮುಂದಿನ ತಿಂಗ್ಳು ಹತ್ತಿರ ಹತ್ತಿರ ಒಂದೂವರೆ ವರ್ಷ ನಡೀತು. ಅಪ್‌ಗ್ರೇಡ್ ಇವತ್ತಿಗೂ ಬಂದಿಲ್ಲ, ಆದ್ರೆ ಈಗ ರಾತ್ರಿ ಒಂಬತ್ತಕ್ಕೂ ನಮಗೆ 60ರ ಕೆಳಗೆ ಇಳಿಯಲ್ಲ.

ಮೊದಲು ಫೈಬರಲ್ಲಿ ಬರೋ ಲೈಟ್ ನೋಡ್ದೆ. ಓಎನ್‌ಯು (ಮನೇಲಿರೋ ಫೈಬರ್ ಪೆಟ್ಟಿಗೆ) ಪೇಜಲ್ಲಿ ಆರ್‌ಎಕ್ಸ್, ಅಂದ್ರೆ ಬರೋ ಬೆಳಕಿನ ಬಲ, ಮೈನಸ್ 27 ಡಿಬಿಎಂ ಹತ್ರ ಇತ್ತು, ಸೊನ್ನೆಗೆ ಹತ್ರ ಆದಷ್ಟೂ ಬಲ ಜಾಸ್ತಿ. ಕಿಟಕಿ ಸಂದೀಲಿ ಮನೆಯೊಳಗೆ ಬರೋ ಡ್ರಾಪ್ ಕೇಬಲ್ ಮಡಚಿ ಹೋಗಿತ್ತು, ಹಸಿರು ಕನೆಕ್ಟರಲ್ಲಿ ಧೂಳು. ಕೇಬಲ್ ಸುತ್ತು ದೊಡ್ಡದು ಮಾಡಿ, ಕನೆಕ್ಟರ್ ಒರೆಸಿ, 150 ರೂಪಾಯಿ ಪ್ಯಾಚ್ ಕಾರ್ಡ್ (ಗಿಡ್ಡ ಫೈಬರ್ ವಯರ್) ಹಾಕಿದ್ಮೇಲೆ ಮೈನಸ್ 22ಕ್ಕೆ ಬಂತು. ಮಳೆಗಾಲದಲ್ಲಿ ಲೈನ್ ಬಿಟ್ಟು ಬಿಟ್ಟು ಹೋಗ್ತಿದ್ದಿದ್ದು ನಿಂತಿತು, ಸಂಜೆ ಸ್ಲೋ ಹಾಗೇ ಉಳೀತು. ಇವೆರಡೂ ಬೇರೆ ಬೇರೆ ರೋಗ, ಎಷ್ಟೋ ಜನ ಒಂದೇ ಅಂದ್ಕೊಂಡು ಏಳೆಂಟು ಸಾವಿರ ಕೊಟ್ಟು ಮೆಶ್ ವೈಫೈ (ಮನೆ ತುಂಬ ಸಿಗ್ನಲ್ ಹರಡೋ ಎರಡು-ಮೂರು ಪೆಟ್ಟಿಗೆ) ತರ್ತಾರೆ. ಪಕ್ಕದ್ಮನೆ ಮೆಶ್ ತಂದು ನಮ್ಮನೇಲಿ ಒಂದು ವಾರ ಇಟ್ಟು ನೋಡಿದೀನಿ, ಸಂಜೆಗೆ ಒಂದು ಪೈಸೆ ಉಪಯೋಗ ಇಲ್ಲ.

ಆಮೇಲೆ ಸೆಕೆಂಡ್‌ಹ್ಯಾಂಡ್ ರೂಟರ್, ಸುಮಾರು 1,800, ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಫ್ರೀ ರೂಟರ್ ಸಾಫ್ಟ್‌ವೇರ್ ಹಾಕಿ, ಲೈನ್ ಪೂರ್ತಿ ತುಂಬದ ಹಾಗೆ ಟ್ರಾಫಿಕ್ಕನ್ನ ಸಾಲಲ್ಲಿ ಕಳಿಸೋ ಎಸ್‌ಕ್ಯೂಎಂ ಕೇಕ್ ಆನ್ ಮಾಡ್ದೆ. ತೋಟದ ಕ್ಯಾಮೆರಾಗಳು, ಫೋನ್‌ಗಳ ಫೋಟೋ ಬ್ಯಾಕಪ್ ಎಲ್ಲ ಸೇರಿ ಅಪ್‌ಲೋಡ್ ತುಂಬಿಸ್ತಿತ್ತು, ಅದಕ್ಕೆ ಕಡಿವಾಣ ಬಿದ್ದ ಮೇಲೆ ಹಗಲಿನ ಕಾಲ್ ಚೊಕ್ಕ ಆಯ್ತು. ಸಂಜೆಗೆ ಮಾತ್ರ ಅರ್ಧ ಪರಿಹಾರ. ಮುಂದಿನ ಪೈಪೇ ಎಲ್ಲರ ಟ್ರಾಫಿಕ್‌ನಿಂದ ತುಂಬಿದ್ರೆ ನಮ್ಮನೆ ರೂಟರ್ ಏನು ಮಾಡತ್ತೆ?

ಮಧ್ಯೆ 4ಜಿ ಸಿಮ್, ಮಾಡಿಗೆ ಆಂಟೆನಾ, ಎರಡು ಲೈನ್ ಒಟ್ಟಿಗೆ ಬಳಸೋ ಎಂವ್ಯಾನ್3 ಸಾಫ್ಟ್‌ವೇರ್ ಅಂತ ಮೂರೂವರೆ ಸಾವಿರದ ಇನ್ನೊಂದು ಪ್ರಯೋಗ. ಅದೇ ಹೊತ್ತಿಗೆ ಟವರೂ ತುಂಬಿರತ್ತೆ, ಮೇಲಾಗಿ ಕರೆಂಟ್ ಹೋಗಿ ತಾಸಾದ್ರೆ ನಮ್ಮ ಟವರ್ ಕೂಡ ಮಲಗತ್ತೆ. ಆಂಟೆನಾ ಈಗ ತೋಟದ ಮನೇಲಿದೆ.

ಕೊನೆಗೆ ಕೆಲಸ ಮಾಡಿದ್ದು ಸ್ಮೋಕ್‌ಪಿಂಗ್, ದಿನವಿಡೀ ಪಿಂಗ್ ಅಳೆದು ಗ್ರಾಫ್ ಹಾಕೋ ಸಾಫ್ಟ್‌ವೇರ್. ಹಳೇ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಮೂರು ಕಡೆ ಪಿಂಗ್: ನಮ್ಮ ರೂಟರ್, ಕಂಪನಿ ಕಡೆಯ ಮೊದಲ ಗೇಟ್‌ವೇ (ನಮ್ಮ ಟ್ರಾಫಿಕ್ ಹೊರಗೆ ಹೋಗೋ ಬಾಗಿಲು), ಗೂಗಲ್‌ನ 8.8.8.8. ಸಂಜೆ ಆದ್ರೆ ಗೇಟ್‌ವೇ ಪಿಂಗೇ 4 ಮಿಲಿಸೆಕೆಂಡಿಂದ 250ಕ್ಕೆ ಜಿಗೀತಿತ್ತು. ಕೆಳಗಿನ ಕೇರೀಲಿ ಅದೇ ಕಂಪನಿ ಕನೆಕ್ಷನ್ ಇರೋ ಮಾವನ ಮನೇಲೂ ಹಳೇ ಲ್ಯಾಪ್‌ಟಾಪ್ ಇಟ್ಟು ಓಡಿಸ್ದೆ, ಅಲ್ಲಿ ಅದೇ ಗೇಟ್‌ವೇ, ಅದೇ ಹೊತ್ತು, ಪಿಂಗ್ 5. "ಕೂತು ಪಿಂಗ್ ಎಣಿಸಿದ್ರೆ ಸ್ಪೀಡ್ ಬರತ್ತಾ ಮಾರಾಯ್ರೇ" ಅಂದಿದ್ದ ಮಾವನೇ ಗ್ರಾಫ್ ನೋಡಿ ಸುಮ್ನಾದ. ಗೇಟ್‌ವೇ ಸರಿ ಇದೆ, ಅದರಾಚೆಯೂ ಸರಿ ಇದೆ, ಕಟ್ಕೊಂಡಿರೋದು ನಮ್ಮ ಕೇರಿ ಓಎಲ್‌ಟಿಗೂ (ಮನೆಗಳ ಫೈಬರೆಲ್ಲ ಬಂದು ಸೇರೋ ಕಂಪನಿ ಪೆಟ್ಟಿಗೆ) ಗೇಟ್‌ವೇಗೂ ನಡುವೆ.

ಪ್ರಿಂಟ್ ತಗೊಂಡು ಲೋಕಲ್ ಆಪರೇಟರ್ ಹತ್ರ ಹೋದೆ. ಓಎಲ್‌ಟಿ ಹೋಗಿ ಸೇರೋ ಅವರ ಸ್ವಿಚ್‌ನ ಪೇಜ್ ಓಪನ್ ಮಾಡಿಸಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಬೆಟ್ಟದ ಥರ ಏರಿ ಇಳೀಬೇಕಾದ ಟ್ರಾಫಿಕ್ ಗ್ರಾಫ್ ಏಳೂವರೆಯಿಂದ ಹತ್ತೂವರೆವರೆಗೆ 940 ಎಂಬಿಪಿಎಸ್ ಹತ್ರ ಚಪ್ಪಟೆ! ಅಂದ್ರೆ ಓಎಲ್‌ಟಿಯಿಂದ ಮೇಲೆ ಹೋಗೋ 1ಜಿ (ಸೆಕೆಂಡಿಗೆ 1 ಗಿಗಾಬಿಟ್) ಅಪ್‌ಲಿಂಕ್ ಪೂರ್ತಿ ತುಂಬಿದೆ, ಮುನ್ನೂರು ಚಿಲ್ಲರೆ ಮನೆ ಅದರ ಮೇಲೇ. ಓಎಲ್‌ಟಿಯಲ್ಲೂ ಸ್ವಿಚ್ಚಲ್ಲೂ 10ಜಿ ಪೋರ್ಟ್ ಖಾಲಿ ಬಿದ್ದಿತ್ತು, ಬೇಕಿದ್ದಿದ್ದು ಆ ಪೋರ್ಟಿಗೆ ಫೈಬರ್ ಸಿಕ್ಕಿಸೋ ಒಂದು ಜೊತೆ ಮಾಡ್ಯೂಲ್, ಐದು ಸಾವಿರದ ಆಸುಪಾಸು. ಎಂಟು ಮನೆಯವ್ರು ಸೇರಿ ಕೊಟ್ವಿ, ಅವ್ರು ಅದನ್ನ ಬಿಲ್ಲಲ್ಲಿ ಮುರ್ಕೊಂಡ್ರು. ಹಾಕೋಕೆ ಅರ್ಧ ಗಂಟೆ ಆಗ್ಲಿಲ್ಲ.

ಈಗ ರಾತ್ರಿ ಗೇಟ್‌ವೇ ಪಿಂಗ್ 6-7. ಕೇಕ್ ಅಪ್‌ಲೋಡಿಗೆ ಹಾಗೇ ಬಿಟ್ಟಿದೀನಿ, ಅದಕ್ಕೆ ಕೊಡೋ ಸ್ಪೀಡ್ ಮಿತಿ ನಿಮ್ಮ ಲೈನಿಗೆ ತಕ್ಕಂತೆ ನೀವೇ ಕೂರಿಸ್ಕೊಳಿ. ನಿಮ್ಮಲ್ಲೂ ಇದೇ ಗೋಳಿದ್ರೆ ಬರೀ ಸ್ಪೀಡ್‌ಟೆಸ್ಟ್ ಸ್ಕ್ರೀನ್‌ಶಾಟ್ ಹಿಡ್ಕೊಂಡು ಹೋಗ್ಬೇಡಿ, ಎರಡು ಕೇರಿಯಿಂದ ಒಂದು ವಾರದ ಲಾಗ್ ತಗೊಂಡು ಹೋಗಿ.